ಒಂದು ಲೋಟ ಕೊಸರು

ಸಾಬವ್ವ ಯಜ್ಞೇಶ್ವರರನ್ನು ಮೊದಲು ಕಂಡದ್ದು ತುರ್ಭೆಯ ಅಕ್ಕಿ ಗೋಡೌನಿನ ಶಟರಿನ ಮುಂದೆ, ಒಂದು ಸೋಮವಾರ, ಮುಂಜಾನೆ ಒಂಬತ್ತಕ್ಕೆ ಹತ್ತು ನಿಮಿಷ ಇದ್ದಾಗ. ಅವತ್ತು ಆಕೆ ಕೆಲಸಕ್ಕೆ ಸೇರುವ ದಿನ. ಗಂಡ ತೀರಿಕೊಂಡು ಐದು ತಿಂಗಳಾಗಿತ್ತು, ಆಕೆಗೆ ಐವತ್ತೈದು ನಡೆಯುತ್ತಿತ್ತು. ಠಾಕುರ್ಲಿಯಿಂದ ಠಾಣೆಗೆ ಒಂದು ಲೋಕಲ್, ಅಲ್ಲಿ ಇಳಿದು ತುರ್ಭೆಗೆ ಇನ್ನೊಂದು. ತಪ್ಪು ಗಾಡಿ ಹತ್ತಿಬಿಟ್ಟರೆ ಎಂಬ ಹೆದರಿಕೆಯಲ್ಲಿ ಒಂದು ತಾಸು ಮೊದಲೇ ಹೊರಟು ಬಂದಿದ್ದಳು.

ಶಟರ್ ಎತ್ತಿದವರು ಉದ್ದನೆಯ, ತೆಳ್ಳನೆಯ ಮನುಷ್ಯ. ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ಸಿಲು, ಕಂಕುಳಲ್ಲಿ ಅಗಲವಾದೊಂದು ತೆಳು ಪುಸ್ತಕ. ಗೋಡೌನಿಗೆ ಬರುವ, ಗೋಡೌನಿನಿಂದ ಹೊರಡುವ ಪ್ರತಿಯೊಂದು ಚೀಲವನ್ನೂ ಎಣಿಸಿ ಬರೆದಿಡುವ ಟ್ಯಾಲಿ ಕ್ಲರ್ಕ್ ಅವರು. ಎಲ್ಲರೂ ಮಾಸ್ತರ್ ಎನ್ನುತ್ತಿದ್ದರು.

“ಚೀಲದ ಬಾಯಿ ಹೊಲಿಯುವ ಮಷೀನು ಹಿಡಿದು ಗೊತ್ತುಂಟಾ?” ಎಂದು ಕೇಳಿದರು.

“ಇಲ್ರಿ. ಕೌದಿ ಹೊಲದೀನಿ.”

“ಕೌದಿ ಹಡಗು ಹತ್ತೋದಿಲ್ಲ ಮಾರಾಯ್ರೆ, ಇದು ಹತ್ತುತ್ತದೆ. ಹೋಗ್ಲಿ, ಎಣಿಸ್ಲಿಕ್ಕೆ ಬರ್ತದಾ?”

ಸಾಬವ್ವ ಗೋಡೆಗೆ ಒಟ್ಟಿದ್ದ ಚೀಲಗಳ ಮೇಲೆ ಬೆರಳಿಟ್ಟು ಶುರು ಮಾಡಿದಳು. “ಲಾಭ, ಎರಡ, ಮೂರ, ನಾಕ…”

“ನಿಲ್ಲಿ, ನಿಲ್ಲಿ. ಒಂದು ಎಲ್ಲಿಗೆ ಹೋಯ್ತು?”

“ಕಾಳು ಎಣಿಸೂ ಮುಂದ ಒಂದು ಅನ್ನಬಾರದ್ರಿ. ಮೊದಲನೇದ್ದಕ್ಕ ಲಾಭ ಅಂತೇವಿ. ನಮ್ಮ ಕಡಿ ಕಣದಾಗ ಹಂಗೇ ಅದ.”

ಯಜ್ಞೇಶ್ವರರು ಕನ್ನಡಕದ ಮೇಲಿನಿಂದ ಆಕೆಯನ್ನು ಒಂದು ಗಳಿಗೆ ನೋಡಿದರು. “ಆಯ್ತು. ನೀವು ಲಾಭ ಅನ್ನಿ, ನಾನು ಒಂದು ಬರೀತೇನೆ. ಕೊನೆಗೆ ಇಬ್ಬರದ್ದೂ ಸೇರಿದ್ರೆ ಸಾಕು.”

ಮಧ್ಯಾಹ್ನದೊಳಗೆ ಸಾಬವ್ವ ಇನ್ನೊಂದು ಕಂಡುಹಿಡಿದಳು. ತೂಕದ ಯಂತ್ರದ ಒಂದು ಕಾಲು ನೆಲದ ಬಿರುಕಿನ ಮೇಲೆ ನಿಂತಿತ್ತು. ಚೀಲವನ್ನು ಎಡಕ್ಕಿಟ್ಟರೆ ಒಂದು ತೂಕ, ಬಲಕ್ಕಿಟ್ಟರೆ ಇನ್ನೊಂದು. ತೂಗುತ್ತಿದ್ದವಳು ವಿಜಯಪುರದ ಕಡೆಯ ಅನಸೂಯಾ, ಬಾಯಿ ಜೋರು. “ಎರಡು ವರ್ಷದಿಂದ ನಾ ತೂಗಾಕತ್ತೀನಿ. ನಿನಗ ಒಂದ ದಿನದಾಗ ಕುಂಟು ಕಾಣಿಸ್ತೇನು?” ಎಂದು ರೇಗಿದಳು. ಯಜ್ಞೇಶ್ವರರು ಹತ್ತು ಕಿಲೋದ ಕಬ್ಬಿಣದ ಕಲ್ಲು ತಂದು ಎರಡೂ ಕಡೆ ಇಟ್ಟು ನೋಡಿದರು. ಎಂಬತ್ತು ಗ್ರಾಂ ವ್ಯತ್ಯಾಸ. ತಾವೇ ಮೊಣಕಾಲೂರಿ ಕೂತು, ರಟ್ಟು ಮಡಚಿ ಕಾಲಿನ ಕೆಳಗೆ ತುರುಕಿದರು. ಆಮೇಲಿಂದ ಆಕೆಯನ್ನು ಸಾಬಕ್ಕ ಎಂದು ಕರೆಯತೊಡಗಿದರು.

ಅವರ ಬದುಕು ಸಾಬವ್ವನಿಗೆ ಒಂದೇ ಸಲಕ್ಕೆ ತಿಳಿದದ್ದಲ್ಲ. ಅವರು ಡೊಂಬಿವಲಿಯಲ್ಲಿ ಅದೇ ಗಾಡಿ ಹತ್ತುತ್ತಿದ್ದರು, ಆದರೆ ಆಕೆ ಹೆಂಗಸರ ಡಬ್ಬಿಯಲ್ಲಿ. ತುರ್ಭೆ ಸ್ಟೇಷನ್ನಿನಿಂದ ಗೋಡೌನಿನವರೆಗೆ ಹನ್ನೆರಡು ನಿಮಿಷದ ನಡಿಗೆ. ಆ ಹನ್ನೆರಡು ನಿಮಿಷಗಳಲ್ಲಿ, ಹನ್ನೊಂದು ವರ್ಷ, ತುಂಡು ತುಂಡಾಗಿ ಕೇಳಿಸಿಕೊಂಡದ್ದು.

ಹುಟ್ಟಿದ್ದು ಕೋಟದ ಬದಿಯ ಹಳ್ಳಿಯಲ್ಲಿ. ಹದಿನೇಳಕ್ಕೆ ಮಾವನೊಬ್ಬನ ಜೊತೆ ಠಾಣೆಗೆ ಬಂದು ವಾಗ್ಳೆ ಎಸ್ಟೇಟಿನ ಹೋಟೆಲಿಗೆ ಸೇರಿದರು. ಫ್ಯಾಕ್ಟರಿಗಳಿಗೆ ಚಹಾ ಒಯ್ಯುವ ಕೆಲಸ. ನೀರಿನ ಪಂಪು ಮಾಡುವ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಗೋಡೆ ತುಂಬ ಜಗತ್ತಿನ ನಕಾಶೆ ಇತ್ತು. ಪಂಪು ಹೋದ ದೇಶಕ್ಕೆಲ್ಲ ಒಂದೊಂದು ಕೆಂಪು ಮೊಳೆ. ಎಲ್ಲರಿಗೂ ಚಹಾ ಕೊಟ್ಟಾದ ಮೇಲೂ ಅವರು ಕಿಟ್ಲಿ ಹಿಡಿದು ಅದರ ಮುಂದೆ ನಿಂತಿರುತ್ತಿದ್ದರಂತೆ. ಕನ್ನಡದ ರಾತ್ರಿ ಶಾಲೆಯಲ್ಲಿ ಹತ್ತನೆಯ ಇಯತ್ತೆ ಮುಗಿಸಿದರು. ನ್ಹಾವಾ ಶೇವಾದಲ್ಲಿ ಹೊಸ ಬಂದರು ಶುರುವಾದಾಗ ಅಲ್ಲಿ ಮಾಲು ಏರಿಸುವ ಏಜೆಂಟರ ಬಳಿ ಸೇರಿ ಟ್ಯಾಲಿ ಕಲಿತರು. ಮದುವೆಯಾಗಲಿಲ್ಲ. ಅಕ್ಕ ಭಾವ ಬೇಗ ಹೋದದ್ದರಿಂದ ಅಕ್ಕನ ಮಗಳು ಶ್ರೀವಾಣಿಯನ್ನು ಡೊಂಬಿವಲಿಯ ಒಂದೇ ಖೋಲಿಯ ಮನೆಯಲ್ಲಿ ಬೆಳೆಸಿ ಓದಿಸಿದರು. ಅಷ್ಟು ದೇಶಕ್ಕೆ ಮಾಲು ಕಳಿಸಿದವರು ಒಂದು ಸಲವೂ ಹಡಗು ಹತ್ತಿರಲಿಲ್ಲ. “ನೀರು ಕಂಡ್ರೆ ನಂಗೆ ತಲೆ ತಿರುಗ್ತದೆ ಸಾಬಕ್ಕ. ಸಮುದ್ರದ ಬದಿಯಲ್ಲಿ ಹುಟ್ಟಿ ಎಂತ ಪ್ರಯೋಜನ!” ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಿದ್ದರು.

ಕಂಕುಳಲ್ಲಿದ್ದ ಪುಸ್ತಕ ಶಾಲೆಯ ಅಟ್ಲಾಸ್. ಕೊಂಡದ್ದು ರಾತ್ರಿ ಶಾಲೆಯ ಕಾಲಕ್ಕೆ. ಆಮೇಲೆ ಎಷ್ಟೋ ದೇಶ ಒಡೆದು ಬೇರೆಯಾಗಿದ್ದವು. ಹೊಸ ಅಟ್ಲಾಸ್ ಕೊಳ್ಳದೆ, ಒಂದು ದೇಶ ಒಡೆದ ಸುದ್ದಿ ಬಂದಾಗೆಲ್ಲ ಪೇಪರು ನೋಡಿ ಅಳತೆಪಟ್ಟಿ ಇಟ್ಟು ತಾವೇ ಗೆರೆ ಎಳೆಯುತ್ತಿದ್ದರು. ಗೋಡೌನಿನಿಂದ ಅಕ್ಕಿ ಹೋದ ದೇಶಕ್ಕೆ ಪೆನ್ಸಿಲಿನಲ್ಲಿ ಒಂದು ಸರಿ ಗುರುತು. ಅದಕ್ಕೊಂದು ನಿಯಮ ಇತ್ತು. ಚೀಲದ ಲೆಕ್ಕ, ತೂಕದ ಲೆಕ್ಕ, ಕಾಗದದ ಲೆಕ್ಕ ಮೂರೂ ಕೂಡಿ, ಕಂಟೇನರ್ ಬಂದರು ದಾಟಿದ ಮೇಲೆಯೇ ಗುರುತು. ಸಾಬವ್ವ ಎಣಿಸಿದಾಗ ನಲವತ್ತೊಂದು ಇದ್ದವು. ತನ್ನ ಹೆಸರಷ್ಟೇ ಬರೆಯಬಲ್ಲವಳಾಗಿದ್ದ ಆಕೆ ಓದು ಕಲಿತದ್ದೂ ಆ ಪುಸ್ತಕದಿಂದಲೇ. ಹಳೆಯ ಟ್ಯಾಲಿ ಹಾಳೆಯ ಬೆನ್ನಿಗೆ ಅವರು ದೇಶಗಳ ಹೆಸರನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದರು, ಊಟದ ಹೊತ್ತಿನಲ್ಲಿ ಆಕೆ ತಿದ್ದುತ್ತಿದ್ದಳು. ಹಾಗಾಗಿ ತನ್ನ ಕಡೆಯ ಕಲಬುರಗಿ ಎಂದು ಬರೆಯುವ ಮೊದಲೇ ಆಕೆಗೆ ಕೆನ್ಯಾ ಎಂದು ಬರೆಯಲು ಬಂತು.

ಸರಕಾರ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದ ವರ್ಷ ಗೋಡೌನು ಬಣಗುಟ್ಟಿತು. ಕೆಲಸ ವಾರಕ್ಕೆ ಎರಡು ದಿನ, ಒಮ್ಮೊಮ್ಮೆ ಅದೂ ಇಲ್ಲ. ಹೆಂಗಸರು ಮಷೀನುಗಳ ಧೂಳು ಒರೆಸುತ್ತ ಕೂರುತ್ತಿದ್ದರು, ಯಜ್ಞೇಶ್ವರರು ಪೇಪರು ಓದಿ ಹೇಳುತ್ತಿದ್ದರು.

“ಇಲ್ಲಿ ಅಕ್ಕಿ ದುಬಾರಿ ಆಗಬಾರದು ಅಂತ ಬಾಗಿಲು ಹಾಕಿದ್ದಾರೆ. ಆದ್ರೆ ಪೂರ್ತಿ ಹಾಕಿಲ್ಲ. ಒಂದೊಂದೇ ದೇಶ ಬಂದು ದಿಲ್ಲಿಯ ಬಾಗಿಲು ತಟ್ತದೆ. ಯಾರಿಗೆ ತೆಗೀತಾರೆ, ಯಾರನ್ನು ಕಾಯಿಸ್ತಾರೆ ನೋಡ್ತಾ ಇರಿ. ದಿಲ್ಲಿಯ ಮನಸ್ಸು ಅದರಲ್ಲಿ ಕಾಣ್ತದೆ.”

“ಮಾಸ್ತರ್ರ, ಬಾಗಲಾ ತೆಗಿಯೂ ಮುಂದ ದಿಲ್ಲಿಯವ್ರು ನಿಮಗೊಂದ್ ಫೋನ್ ಮಾಡ್ತಾರೇನ್ರಿ?” ಅನಸೂಯಾ ಕೇಳಿದಳು.

“ಮಾಡ್ಬೇಕಿತ್ತು. ನಂಬರು ಕಳೆದುಹೋಗಿರಬೇಕು.”

ದಸರೆ ಕಳೆದು ಹದಿನೈದು ದಿನಕ್ಕೆ ಒಂದು ಬಾಗಿಲು ತೆರೆಯಿತು. ಹಿಂದೂ ಮಹಾಸಾಗರದ ಒಂದು ನಡುಗಡ್ಡೆ ದೇಶಕ್ಕೆ ಚಂಡಮಾರುತ ಹೊಡೆದು, ಅಲ್ಲಿನ ಉಗ್ರಾಣಗಳಿಗೆ ಉಪ್ಪುನೀರು ನುಗ್ಗಿತ್ತು. ಭಾರತ ಅಕ್ಕಿ ಕಳಿಸುವುದಾಗಿ ಹೇಳಿತು. ಅದರಲ್ಲಿ ಒಂದು ಕಂಟೇನರ್ ಪಾಲು ಈ ಗೋಡೌನಿಗೆ ಬಂತು. ಇಪ್ಪತ್ತೈದು ಟನ್ನು, ಇಪ್ಪತ್ತೈದು ಕಿಲೋದ ಸಾವಿರ ಚೀಲ. ಯಾವಾಗಲೂ ದೊಡ್ಡ ಚೀಲಗಳಲ್ಲಿ ಬರುವ ಅಕ್ಕಿ ಈ ಸಲ ಬಿಡಿಯಾಗಿ ಎರಡು ಲಾರಿಯಲ್ಲಿ ಬಂತು. ಟಾರ್ಪಾಲಿನ ತಾಡಪತ್ರಿ ಹಾಸಿ ನೆಲದ ಮೇಲೆ ಸುರಿದರು. ಸಾಬವ್ವ ಎಷ್ಟೋ ವರ್ಷದ ಮೇಲೆ ಒಂದು ರಾಶಿ ನೋಡಿದಳು.

ಹೊಸ ಚೀಲಗಳ ಮೇಲೆ ಎರಡು ದೇಶಗಳ ಬಾವುಟ, ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು.

“ಏನು ಬರದಾರ್ರಿ?” ಎಂದು ಕೇಳಿದಳು.

“ಭಾರತದ ಜನರಿಂದ ಉಡುಗೊರೆ ಅಂತ. ಇದು ಮಾರೋದಲ್ಲ ಸಾಬಕ್ಕ, ಕೊಡೋದು.”

“ಭಾರತದ ಜನ ಅಂದ್ರ ಯಾರ್ರಿ?”

“ಯಾರು ಅಂದ್ರೆ? ನೀವು, ನಾನು, ಈ ಅನಸೂಯಾ.”

“ನಮ್ಮ ರೇಷನ್ನಿಗಿ ಹುಳಾ ಬಿದ್ದದ್ದು, ಊರಾಚೆಯವ್ರಿಗಿ ಇಂಥಾ ಚಲೋದು!” ಅನಸೂಯಾ ಅಕ್ಕಿಯನ್ನು ಅಂಗೈಯಲ್ಲಿ ಆಡಿಸುತ್ತ ಹೇಳಿದಳು. “ನಾ ಯಾಕ ಕೊಡ್ಲಿ? ನನ್ನ ಕೇಳ್ಯಾರೇನು?”

ಯಜ್ಞೇಶ್ವರರು ಅಟ್ಲಾಸ್ ಬಿಚ್ಚಿ ನೀಲಿಯ ನಡುವಿನ ಚುಕ್ಕೆಯೊಂದನ್ನು ತೋರಿಸಿದರು. ನಮ್ಮ ಹಡಗುಗಳೆಲ್ಲ ಇದರ ಮಗ್ಗುಲಲ್ಲೇ ಹೋಗಿಬರುತ್ತವೆ ಎಂದರು. ಇನ್ನೊಂದು ದೊಡ್ಡ ದೇಶ ಅಲ್ಲಿ ಬಂದರು ಕಟ್ಟಿಕೊಡಲು ಮುಂದೆ ಬಂದಿದೆ, ಸಾಲವೂ ಕೊಡುತ್ತದೆ. ನಮ್ಮ ಕೈಯಲ್ಲಿ ಅಷ್ಟಿಲ್ಲ, ಇರುವುದು ಅಕ್ಕಿ, ಔಷಧ, ಓದಲು ಬರುವ ಅಲ್ಲಿನ ಮಕ್ಕಳಿಗೆ ಕಾಲೇಜಿನಲ್ಲಿ ಜಾಗ. ಜಗತ್ತಿನ ಸಭೆಯಲ್ಲಿ ಕೈ ಎತ್ತುವಾಗ ಆ ಚುಕ್ಕೆಯದೂ ಒಂದು ಕೈ, ನಮ್ಮದೂ ಒಂದೇ ಕೈ. “ಸುಮ್ನೆ ಪುಣ್ಯಕ್ಕೆ ಕೊಡ್ತಾರೆ ಅಂತ ನಾನು ಹೇಳೋದಿಲ್ಲ. ಆದ್ರೆ ಹಸಿದವನಿಗೆ ಆ ಲೆಕ್ಕ ಎಲ್ಲ ಎಂತಕ್ಕೆ? ಅವನಿಗೆ ಚೀಲ ಬಂದದ್ದು ಗೊತ್ತಾಗ್ತದೆ, ಅಷ್ಟೆ. ನಾವು ಕೂಡ ಹಡಗು ಕಾಯ್ತಾ ಕೂತ ಜನವೇ.”

ಅದು ಸಾಬವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆಕೆಗೆ ಎಂಟು ವರ್ಷವಿದ್ದಾಗ ಊರಿನ ಚಾವಡಿಗೆ ಅಮೆರಿಕದಿಂದ ಕೆಂಪು ಜೋಳ ಬಂದಿತ್ತು. ಚೀಲದ ಮೇಲೆ ಒಂದನ್ನೊಂದು ಹಿಡಿದ ಎರಡು ಕೈಗಳ ಚಿತ್ರ. ತಾಯಿಯ ಸೆರಗು ಹಿಡಿದು ಸರದಿಯಲ್ಲಿ ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಹಂಚುವವನು ಸೇರು ತುಂಬಿ, ಮೇಲೆ ಗೋಪುರವಾಗಿ ನಿಂತದ್ದನ್ನು ಕೋಲಿನಿಂದ ಸವರಿ ಕೆಳಗೆ ಬೀಳಿಸಿ, ಸರಿಸಮ ಮಾಡಿ ಸುರಿಯುತ್ತಿದ್ದ. ಅವರ ಕಡೆ ಯಾರೂ ಕಾಳನ್ನು ಹಾಗೆ ಕೊಡುವುದಿಲ್ಲ. ಅಳೆದು ಮುಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕಬೇಕು, ಅದು ಕೊಸರು. ಕೊಸರಿಲ್ಲದೆ ಕೊಟ್ಟರೆ ಕೊಡಲು ಮನಸ್ಸಿರಲಿಲ್ಲ ಎಂದರ್ಥ. ತಾಯಿ ಮನೆಗೆ ಬಂದು ಜೋಳವನ್ನು ಮೊರಕ್ಕೆ ಸುರಿದು, “ಅಷ್ಟ ದೂರದಿಂದ ಕಳಸ್ಯಾರ, ಒಂದು ಹಿಡಿ ಕೊಸರು ಹಾಕಲಿಕ್ಕ ಕೈ ಬರಲಿಲ್ಲ ನೋಡು” ಎಂದಿದ್ದಳು. ಹೊಟ್ಟೆ ತುಂಬಿತು, ಆ ಮಾತು ಮಾತ್ರ ಉಳಿಯಿತು.

ಆ ನಡುಗಡ್ಡೆಯಲ್ಲಿ ಯಾವುದೋ ತಾಯಿ ಹಾಗೆ ಅನ್ನುವುದು ಬೇಡ ಎಂದು ಸಾಬವ್ವನಿಗೆ ಅನಿಸಿತು. ಮಾರುವ ಅಕ್ಕಿಗೆ ಆಕೆ ಯಾವತ್ತೂ ಒಂದು ಕಾಳು ಸೇರಿಸಿದವಳಲ್ಲ. ಅದು ಗೋಡೌನಿನ ಒಡೆಯ ಸೇಟನ ಮಾಲು. ಇದು ಕೊಡುವುದು, ಕೊಡುವವರಲ್ಲಿ ತಾನೂ ಒಬ್ಬಳು ಎಂದು ಮಾಸ್ತರರೇ ಹೇಳಿದ್ದಾರೆ. ಅನಸೂಯಾ ತೂಗಿ ದಾಟಿಸಿದ ಪ್ರತಿ ಚೀಲಕ್ಕೂ, ಬಾಯಿ ಹೊಲಿಯುವ ಮುಂಚೆ, ತನ್ನ ನೀರಿನ ಸ್ಟೀಲ್ ಲೋಟದಲ್ಲಿ ರಾಶಿಯಿಂದ ಅಕ್ಕಿ ತುಂಬಿ ಸುರಿದಳು. ಹಿಡಿಯಲ್ಲಿ ಹಾಕಿದರೆ ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಆದೀತೆಂದು ಲೋಟ. ಅದನ್ನೂ ಬೆರಳಿನಿಂದ ಸವರಿ ಸಮ ಮಾಡಿ. ಅನಸೂಯಾ ಒಂದೆರಡು ಸಲ ತಿರುಗಿ ನೋಡಿದಳು. ಮಾಸ್ತರರು ಹೇಳಿರಬೇಕು ಎಂದುಕೊಂಡು ಸುಮ್ಮನಾದಳು.

ಮೂರನೆಯ ದಿನ ಸಂಜೆ ನಾಲ್ಕಕ್ಕೆ ರಾಶಿ ಮುಗಿಯಿತು. ಯಜ್ಞೇಶ್ವರರು ಎಣಿಸಿದರು. ಒಂಬೈನೂರ ತೊಂಬತ್ತೆರಡು. ಇನ್ನೊಮ್ಮೆ ಎಣಿಸಿದರು. ಅಷ್ಟೇ. ಎಂಟು ಖಾಲಿ ಚೀಲ ಬಾಯಿ ತೆರೆದು ಬಿದ್ದಿದ್ದವು, ತಾಡಪತ್ರಿಯ ಮೇಲೆ ಒಂದೆರಡು ಕಿಲೋ ಅಕ್ಕಿ ಉಳಿದಿತ್ತು. ಮರುದಿನ ಮಧ್ಯಾಹ್ನ ಮೂರಕ್ಕೆ ಆ ದೇಶದ ಮುಂಬಯಿ ಕಚೇರಿಯಿಂದ ಒಬ್ಬ ಹೆಣ್ಣುಮಗಳು, ನಮ್ಮ ಸರಕಾರದ ಒಬ್ಬ ಅಧಿಕಾರಿ ಬಂದು ಬಾವುಟ ಬೀಸಿ ಕಂಟೇನರ್ ಕಳಿಸುವುದಿತ್ತು. ಸಾವಿರ ಚೀಲ ಎಂದು ಎರಡೂ ಕಡೆಯ ಕಾಗದದಲ್ಲಿ ಅಚ್ಚಾಗಿತ್ತು.

ಸೇಟನ ಮಗ ಜಯೇಶ್ ಆಫೀಸಿನಿಂದ ಓಡಿ ಬಂದ. ಮೂವತ್ತರ ಹುಡುಗ, ಕೆಟ್ಟವನಲ್ಲ, ಆದರೆ ಹೆದರಿದಾಗ ನಾಲಿಗೆ ನಿಲ್ಲುವುದಿಲ್ಲ. ಹಿಂದಿನ ದಿನ ಹರಿದ ಚೀಲ ಒಯ್ಯಲು ಒಂದು ಟೆಂಪೋ ಬಂದಿತ್ತು. ಅದಕ್ಕೆ ಗೇಟ್ ಪಾಸ್ ಬರೆದವರು ಯಜ್ಞೇಶ್ವರರು.

“ಆಠ್ ಬೋರಿ ಉಡ್ ಕೇ ಗಯಾ ಕ್ಯಾ, ಅಣ್ಣಾ? ಟೆಂಪೋ ಮೇ ಕ್ಯಾ ಭೇಜಾ?” ಎಂಟು ಚೀಲ ಹಾರಿಹೋದವೇ, ಟೆಂಪೋದಲ್ಲಿ ಏನು ಕಳಿಸಿದಿರಿ ಎಂದು ಕೇಳಿದ.

“ಹರಿದ ಚೀಲ. ಎಣಿಸಿ ಬರೆದಿದ್ದೇನೆ.”

“ಚೋರ್ ಭೀ ಲಿಖ್ ಕೇ ರಖತಾ ಹೈ.”

ಹದಿನಾಲ್ಕು ಜನ ಕೇಳುವಂತೆ ಅಂದ. ಕಳ್ಳನೂ ಬರೆದಿಡುತ್ತಾನೆ ಎಂದು. ಯಜ್ಞೇಶ್ವರರು ಟ್ಯಾಲಿ ಹಾಳೆಗಳನ್ನು ಮೊದಲಿನಿಂದ ತಿರುವತೊಡಗಿದರು. ಮೂವತ್ತೊಂದು ವರ್ಷದಲ್ಲಿ ಅವರ ಲೆಕ್ಕದಲ್ಲಿ ಒಂದು ಚೀಲ ಹೆಚ್ಚುಕಡಿಮೆ ಆದದ್ದಿಲ್ಲ; ಅವರು ಗಳಿಸಿದ್ದೂ ಅದೊಂದೇ ಹೆಸರು. ಒಂದೇ ಹಾಳೆಯನ್ನು ಮೂರು ಸಲ ತಿರುವಿದ್ದು ಸಾಬವ್ವನಿಗೆ ಕಂಡಿತು.

ತನ್ನ ಲೋಟಕ್ಕೂ ಎಂಟು ಚೀಲಕ್ಕೂ ಸಂಬಂಧ ಇರಬಹುದೆಂದು ಆಕೆಗೆ ಇನ್ನೂ ಹೊಳೆದಿರಲಿಲ್ಲ. ಒಂದು ಲೋಟವೆಂದರೆ ಎಷ್ಟು ಮಹಾ? ಆದರೂ ಮೂಲೆಯಲ್ಲಿ ಕೂತು ಬೆರಳು ಮಡಚಿದಳು. ಆ ಲೋಟದಿಂದ ಐದು ಅಳೆದರೆ ಒಂದು ಕಿಲೋ. ಮನೆಯಲ್ಲಿ ದಿನಾ ಅಳೆಯುವುದು ಅದರಲ್ಲೇ. ಇಪ್ಪತ್ತೈದು ಕಿಲೋಕ್ಕೆ ನೂರಿಪ್ಪತ್ತೈದು. ಎಂಟು ಚೀಲಕ್ಕೆ ಸಾವಿರ. ತಾನು ಹಾಕಿದ್ದು ಒಂಬೈನೂರ ತೊಂಬತ್ತೆರಡು. ಉಳಿದ ಎಂಟು ಲೋಟ ಎಲ್ಲಿ ಎಂದು ತಲೆಯೆತ್ತಿದಾಗ, ತಾಡಪತ್ರಿಯ ಮೇಲೆ ಬಿದ್ದಿದ್ದ ಅಕ್ಕಿ ಕಂಡಿತು.

ಹೇಳಿದರೆ ಕೆಲಸ ಹೋಗುತ್ತದೆ. ಅರವತ್ತಾರರ ಹೆಂಗಸಿಗೆ ಇನ್ನೊಂದು ಕಡೆ ಮಷೀನು ಯಾರೂ ಕೊಡುವುದಿಲ್ಲ. ಅದನ್ನೂ ಎಣಿಸಿ ನೋಡಿ, ಎದ್ದು, ಲೋಟವನ್ನು ಒಯ್ದು ಅವರ ಹಾಳೆಯ ಮೇಲೆ ಇಟ್ಟಳು.

“ಮಾಸ್ತರ್ರ, ಕಳ್ಳ ಇಲ್ಲಿ ಅದಾನ್ರಿ.”

ಆಕೆ ಹೇಳಿ ಮುಗಿಸಿದ ಮೇಲೆ ಅವರು ಲೋಟ ತುಂಬಿ ತೂಗಿದರು: ಇನ್ನೂರು ಗ್ರಾಂ. ಒಟ್ಟಿದ್ದ ಚೀಲಗಳಲ್ಲಿ ಅಲ್ಲಲ್ಲಿಂದ ಒಂಬತ್ತು ಎಳೆದು ತೂಗಿಸಿದರು. ಒಂಬತ್ತೂ ಇಪ್ಪತ್ತೈದು ಕಿಲೋ ಇನ್ನೂರು. ಒಂದು ಗ್ರಾಂ ಆಚೀಚೆ ಇಲ್ಲ. ಅವರ ಮುಖದಲ್ಲಿ ನೆಮ್ಮದಿ ಬಂತೋ ಸಿಟ್ಟು ಬಂತೋ ಆಕೆಗೆ ತಿಳಿಯಲಿಲ್ಲ. ಜಯೇಶನ ಬಳಿ ಹೋಗಿ, ಚೀಲಕ್ಕೆ ಇನ್ನೂರು ಗ್ರಾಂ ಹೆಚ್ಚು ಬಿದ್ದಿದೆ, ತೂಕ ಒಪ್ಪಿಸಿಕೊಳ್ಳುವವನು ನಾನು, ತಪ್ಪು ನನ್ನದು ಎಂದರು. ಸಾಬವ್ವನ ಹೆಸರು ತೆಗೆಯಲಿಲ್ಲ.

ಜಯೇಶನಿಗೆ ಆಗ ಬೇಕಾಗಿದ್ದದ್ದು ಸಾವಿರ ಎಂಬ ಸಂಖ್ಯೆ. ನಮ್ಮ ಅಂಗಡಿಯ ಅಕ್ಕಿ ಇನ್ನೂರು ಕಿಲೋ ಹಾಕಿ ಎಂಟು ಚೀಲ ತುಂಬಿಬಿಡಿ ಎಂದ. ಆಗುವುದಿಲ್ಲ ಎಂದರು ಯಜ್ಞೇಶ್ವರರು. ಬಂದರಿನಲ್ಲಿ ಕಂಟೇನರ್ ತೂಗಿದರೆ ಕಾಗದಕ್ಕಿಂತ ಹೆಚ್ಚು ಬರುತ್ತದೆ. ಹಾಗಾದರೆ ಎಂಟು ಕಡಿಮೆಯೇ ಹೋಗಲಿ, ಬಾವುಟ ಬೀಸುವವರು ಎಣಿಸುತ್ತಾರೆಯೇ ಎಂದ ಜಯೇಶ್. “ಇಲ್ಲಿ ಎಣಿಸೋದಿಲ್ಲ. ಅಲ್ಲಿ ಇಳಿಸುವವ ಎಣಿಸ್ತಾನೆ. ಅವನೂ ನನ್ನ ಹಾಗೇ ಒಬ್ಬ ಟ್ಯಾಲಿಯವ. ಎಂಟು ಚೀಲ ಭಾರತದವರು ದಾರಿಯಲ್ಲಿ ತಿಂದ್ರು ಅಂತ ಬರೀತಾನೆ. ಅದನ್ನು ಯಾವ ಮಂತ್ರಿ ಹೋಗಿ ಅಳಿಸ್ತಾನೆ?” ಬಿಚ್ಚುವುದೊಂದೇ ದಾರಿ ಎಂದು ತೀರ್ಮಾನವಾಯಿತು. ನಾಳೆ ಮೊದಲ ಗಾಡಿಗೆ ಎಲ್ಲರೂ ಬರಬೇಕು; ಪ್ರತಿ ಚೀಲದ ಬಾಯಿ ಬಿಚ್ಚಿ ಒಂದೊಂದು ಲೋಟ ತೆಗೆಯಬೇಕು.

ಇಬ್ಬರೂ ಸ್ಟೇಷನ್ನಿಗೆ ನಡೆದರು.

“ಕೊಟ್ಟದ್ದು ತಿರುಗಿ ತಗೀಬಾರದ್ರಿ ಮಾಸ್ತರ್ರ,” ಸಾಬವ್ವ ಅಂದಳು. “ನಮ್ಮವ್ವ ಇದ್ದಿದ್ರ ನನ್ನ ಕೈ ಮ್ಯಾಲ ಬರಿ ಹಾಕ್ತಿದ್ಳು.”

“ನೀವು ಕೊಟ್ಟದ್ದು ಎಲ್ಲಿ ಸಾಬಕ್ಕ?” ಅವರ ದನಿ ಗಟ್ಟಿಯಿತ್ತು. “ಇಪ್ಪತ್ತೈದು ಟನ್ನು ಕೊಡ್ತೇವೆ ಅಂತ ಮಾತು ಕೊಟ್ಟ ಗಳಿಗೆಗೆ ಆ ರಾಶಿ ಅವರದ್ದಾಯ್ತು. ಅವರ ರಾಶಿಯಿಂದ ತೆಗೆದು ಅವರಿಗೇ ಕೊಸರು ಹಾಕಿದ್ರಿ. ಎಂಟು ಮನೆಯವರ ಚೀಲ ಒಡೆದು ಉಳಿದವರಿಗೆ ಹಂಚಿದ ಹಾಗಾಯ್ತು.”

ಠಾಕುರ್ಲಿಯಲ್ಲಿ ಇಳಿದು ಮನೆ ಸೇರುವವರೆಗೂ ಆಕೆ ಅದನ್ನೇ ಮೆಲುಕು ಹಾಕಿದಳು. ಚಾವಡಿಯ ಹಂಚುವವನ ನೆನಪಾಯಿತು. ರಾಶಿ ಅವನದಾಗಿರಲಿಲ್ಲ. ಅವನು ಒಬ್ಬರಿಗೆ ಕೊಸರು ಹಾಕಿದ್ದರೆ ಸರದಿಯ ಕೊನೆಯವಳಿಗೆ ಸೇರು ತುಂಬುತ್ತಿರಲಿಲ್ಲ. ತಾಯಿ ಅವನನ್ನು ಬೈದದ್ದು ಸರಿಯಲ್ಲವೇನೋ ಎಂದು ಐವತ್ತೆಂಟು ವರ್ಷದ ಮೇಲೆ ಮೊದಲ ಸಲ ಅನಿಸಿತು. ಮುಂಜಾನೆ ಹೊರಡುವಾಗ ಡಬ್ಬಿಯಿಂದ ಐದು ಲೋಟ ಅಕ್ಕಿ ಅಳೆದು ಬಟ್ಟೆಯಲ್ಲಿ ಕಟ್ಟಿಕೊಂಡಳು. ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಖಾಲಿ ಕೈಯಲ್ಲಿ ಹೋಗಲು ಮನಸ್ಸು ಬರಲಿಲ್ಲ.

ಆರೂವರೆಗೆ ಶುರು ಮಾಡಿದರು. ಎಂಟು ಜನ ಹೆಂಗಸರು ದಾರ ಬಿಚ್ಚಿ ಬಾಯಿ ತೆರೆದು ಹಿಡಿಯುವುದು, ಸಾಬವ್ವ ಅದೇ ಲೋಟದಿಂದ ಸವರಿ ತೆಗೆಯುವುದು, ಅನಸೂಯಾ ಪ್ರತಿಯೊಂದನ್ನೂ ಮತ್ತೆ ತೂಗುವುದು. “ಮೂರು ದಿವ್ಸ ಹಾಕಿದ್ದು ಒಂದ ಮುಂಜಾನಿಗಿ ತೆಗದ್ಯಲ್ಲ ಯವ್ವಾ. ನಿನ್ನ ಕೊಸರಿನ ಕಾಲಾಗ ನನ್ನ ಸೊಂಟಾ ಹೋತು” ಎಂದು ಅನಸೂಯಾ ಗೊಣಗಿದಳು, ಆದರೆ ಜಯೇಶ್ ಬಂದು ಇದು ಯಾರ ಕೆಲಸ ಎಂದು ಕೇಳಿದಾಗ ಎಲ್ಲರಿಗಿಂತ ಮೊದಲು ಬೆನ್ನು ತಿರುಗಿಸಿದವಳೂ ಅವಳೇ.

ಎರಡಕ್ಕೆ ಹತ್ತು ನಿಮಿಷ ಇರುವಾಗ ಏಳು ಹೊಸ ಚೀಲ ತುಂಬಿದವು. ಎಂಟನೆಯದು, ಅಂದರೆ ಸಾವಿರನೆಯದು, ಯಂತ್ರದ ಮೇಲೆ ನಿಂತಿತು: ಇಪ್ಪತ್ತನಾಲ್ಕು ಕಿಲೋ ಆರುನೂರು. ಬಿಚ್ಚಿ ಹೊಲಿಯುವಾಗ ಚೆಲ್ಲಿದ್ದು ಅಷ್ಟು. ನೆಲಕ್ಕೆ ಬಿದ್ದ ಅಕ್ಕಿಯನ್ನು ಗುಡಿಸಿ ಹಾಕುವಂತಿಲ್ಲ. ಅಂಗಡಿಯ ಅಕ್ಕಿ ಮುಟ್ಟುವುದಿಲ್ಲ ಎಂದು ಯಜ್ಞೇಶ್ವರರೇ ನಿನ್ನೆ ಹೇಳಿದ್ದರು.

ಸಾಬವ್ವ ಬಟ್ಟೆಯ ಗಂಟು ಬಿಚ್ಚಿದಳು.

ಯಜ್ಞೇಶ್ವರರು ಒಂದು ಕಾಳು ತೆಗೆದುಕೊಂಡು ಬೆಳಕಿಗೆ ಹಿಡಿದರು. ರಾಶಿಯ ಅಕ್ಕಿಗಿಂತ ತುಸು ದಪ್ಪ. ಎಲ್ಲಿಯದು ಎಂದು ಕೇಳಲಿಲ್ಲ. “ಎರಡು ಲೋಟ,” ಎಂದರು.

ಎರಡು ಲೋಟ ಬಿತ್ತು. ಇಪ್ಪತ್ತೈದು ಸರಿಯಾಗಿ ನಿಂತಿತು. ಸಾಬವ್ವ ಇನ್ನೊಂದು ಲೋಟ ತುಂಬಿ, ಸುರಿಯದೆ ಹಾಗೇ ಹಿಡಿದುಕೊಂಡು ಅವರ ಮುಖ ನೋಡಿದಳು. “ಇದು ನನ್ನ ಮನಿದು ಅದರಿ,” ಎಂದಳು, ಅಷ್ಟೇ.

ಅವರು ಪೆನ್ಸಿಲನ್ನು ಜೇಬಿನಿಂದ ತೆಗೆದರು. ಬೀದಿಯ ಕಡೆಗೆ ತಿರುಗಿ, ಕಂಟೇನರ್ ಬಂತೇ ಎಂದು ನೋಡುವವರಂತೆ ನಿಂತು, ಹಾಳೆಯನ್ನು ಅಂಗೈ ಮೇಲಿಟ್ಟುಕೊಂಡು ಸಾವಿರನೆಯ ಸಾಲಿನಲ್ಲಿ ಇಪ್ಪತ್ತೈದು ಎಂದು ಬರೆದರು. ಚೀಲ ಹೊಲಿಯುವ ಮಷೀನಿನ ಸದ್ದು ನಿಲ್ಲುವವರೆಗೂ ಈ ಕಡೆ ತಿರುಗಲಿಲ್ಲ.

ಮೂರಕ್ಕೆ ಬಾವುಟ ಬೀಸಿದರು, ಫೋಟೋ ತೆಗೆದರು. ಬಂದ ಹೆಣ್ಣುಮಗಳು ನೀಲಿ ಸೀರೆಯಂಥದ್ದೇನೋ ಉಟ್ಟಿದ್ದಳು, ಚೀಲದ ಬಾಯಿಯ ಹೊಲಿಗೆಯನ್ನು ಕೈಯಿಂದ ಸವರಿ ನೋಡಿದಳು. ಜಯೇಶ್ ಯಜ್ಞೇಶ್ವರರಿಗೆ ತಾನೇ ಚಹಾ ತಂದುಕೊಟ್ಟ. ಕ್ಷಮಿಸಿ ಅನ್ನಲಿಲ್ಲ, ಅವರೂ ಕಾಯಲಿಲ್ಲ. ತಪ್ಪಿನ ವರದಿಯಲ್ಲಿ ಹೊಣೆ ಟ್ಯಾಲಿಯವನದು ಎಂದೇ ಬರೆದುಕೊಟ್ಟರು. ಕಂಟೇನರ್ ಬಂದರು ದಾಟಿದ ಸುದ್ದಿ ಐದು ದಿನಕ್ಕೆ ಬಂತು. ಸಾಬವ್ವ ಅಟ್ಲಾಸಿನಲ್ಲಿ ನೋಡಿದಳು. ಚುಕ್ಕೆಯ ಮೇಲೆ ಗುರುತು ಇರಲಿಲ್ಲ. ಮುಂದಿನ ವಾರವೂ ಇರಲಿಲ್ಲ. ಆಕೆ ಕೇಳಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಅವರಿಗೆ ಬಲಗಡೆ ಲಕ್ವ ಹೊಡೆಯಿತು. ಶ್ರೀವಾಣಿ ಖಾರಘರದ ತನ್ನ ಮನೆಗೆ ಕರೆದುಕೊಂಡು ಹೋದಳು. ಸಾಬವ್ವ ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದಳು. ಕೊನೆಯ ಸಲ ಹೋದದ್ದು ಸಂಕ್ರಾಂತಿಯ ಮರುದಿನ, ಎಳ್ಳುಬೆಲ್ಲ ಕಟ್ಟಿಕೊಂಡು. ಅದಾಗಿ ಒಂಬತ್ತನೆಯ ದಿನ ಅವರು ತೀರಿಕೊಂಡರು.

“ಯಾ ನಾ ಆಜಿ, ಮಾಮಾ ವಾಟ್ ಬಘ್ತಾಯ್ತ್,” ಬನ್ನಿ ಅಜ್ಜಿ, ಮಾಮಾ ಕಾಯುತ್ತಿದ್ದಾರೆ ಎಂದು ಆ ಕೊನೆಯ ಸಲ ಶ್ರೀವಾಣಿ ಬಾಗಿಲು ತೆಗೆದಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮರಾಠಿ.

ಹದಿನಾಲ್ಕನೆಯ ಮಹಡಿ. ಕಿಟಕಿಯಲ್ಲಿ ಗುಡ್ಡ ಕಾಣುತ್ತಿತ್ತು. ಯಜ್ಞೇಶ್ವರರು ದಿಂಬಿಗೆ ಒರಗಿ ಕೂತಿದ್ದರು, ತೊಡೆಯ ಮೇಲೆ ಅಟ್ಲಾಸ್ ತೆರೆದಿತ್ತು. ಮಾತು ತೊದಲುತ್ತಿತ್ತು, ಸಾಬವ್ವ ಅವಸರ ಮಾಡದೆ ಕೇಳುವವಳಾದ್ದರಿಂದ ಆಕೆಗೆ ತಿಳಿಯುತ್ತಿತ್ತು. ಗೋಡೌನಿನ ಸುದ್ದಿ ಕೇಳಿದರು. ರಫ್ತು ಮತ್ತೆ ಶುರುವಾಗಿದೆ, ಅನಸೂಯಾ ಈಗ ಟ್ಯಾಲಿ ಬರೆಯುತ್ತಾಳೆ, ಬರೆಯುವುದಕ್ಕಿಂತ ಬೈಯುವುದೇ ಹೆಚ್ಚು ಎಂದಾಗ ಬಾಯಿಯ ಎಡ ತುದಿಯಲ್ಲಿ ನಕ್ಕರು. ಎಳ್ಳು ಒಂದೊಂದೇ ಕಾಳು ತಿಂದರು.

ಆಮೇಲೆ ಪುಟ ತಿರುವಿ ಎಂದು ಕಣ್ಣಿನಲ್ಲೇ ಹೇಳಿದರು. ಸಾಬವ್ವ ನೀಲಿ ಪುಟ ತೆಗೆದಳು. ಅವರು ದಿಂಬಿನ ಕೆಳಗಿನಿಂದ ಪೆನ್ಸಿಲು ಹುಡುಕಿ ಎಡಗೈಯಲ್ಲಿ ಹಿಡಿದರು. ಅದರ ಮೊನೆಯನ್ನು ಇನ್ನೂ ಗುರುತಿಲ್ಲದ ಆ ಚುಕ್ಕೆಯ ಹತ್ತಿರ ತಂದು, ಊರದೆ, ಮೇಲೆಯೇ ನಿಲ್ಲಿಸಿ ಆಕೆಯ ಕಡೆ ನೋಡಿದರು.

“ನಾನು ನೋಡ್ಲಿಲ್ಲ ಸಾಬಕ್ಕ. ನೋಡದೆ ಬರೆದದ್ದು ಅದೊಂದೇ,” ಎಂದರು. “ಆ ಸಾವಿರನೆಯ ಚೀಲದಲ್ಲಿ ಎಷ್ಟಿತ್ತು?”